ನರಸೀಪುರದ ದಾರಿ, ಹೆಂಚು ತೆಗೆದ ಊರು

ನಮ್ಮ ಬೀದಿಯಲ್ಲಿ ಇಲಿ ಬಿದ್ದ ಮೂರನೆಯ ದಿನ ಅಪ್ಪ ನನ್ನನ್ನು ಕರೆದುಕೊಂಡು ಮೈಸೂರು ಬಿಟ್ಟರು. ಆಗ ನಾನು ಹತ್ತು ವರ್ಷದ ಹುಡುಗಿ. ಅಟ್ಟದಿಂದ ಸತ್ತ ಇಲಿ ಬಿತ್ತೆಂದರೆ ಹಿಂದೆಯೇ ಪ್ಲೇಗು ಬರುತ್ತದೆಂಬುದು ಆ ಕಾಲದ ಮಕ್ಕಳಿಗೆಲ್ಲ ಗೊತ್ತಿತ್ತು. ಅಮ್ಮ ಹಿಂದಿನ ವರ್ಷವೇ ಹೆರಿಗೆಯಲ್ಲಿ ತೀರಿಕೊಂಡಿದ್ದಳು. ಮನೆಯಲ್ಲಿ ಉಳಿದವರು ನಾವಿಬ್ಬರೇ. ಹಾಗಾಗಿ ಬೀಗ ಹಾಕುವುದು ಬಿಟ್ಟರೆ ಹೊರಡುವುದಕ್ಕೆ ಹೆಚ್ಚಿನ ಸಿದ್ಧತೆಯೇನೂ ಇರಲಿಲ್ಲ.

ಅಪ್ಪನ ಅಕ್ಕ, ನನ್ನ ಸೋದರತ್ತೆ, ತಿರುಮಕೂಡಲು ನರಸೀಪುರದಲ್ಲಿದ್ದರು. ಕಾಯಿಲೆಯ ಕಾಲ ಮುಗಿಯುವ ತನಕ ನನ್ನನ್ನು ಅವರ ಮನೆಯಲ್ಲಿ ಬಿಡುವುದೆಂದು ಅಪ್ಪ ನಿಶ್ಚಯಿಸಿದ್ದರು. ನೇರ ದಾರಿ ಬಿಟ್ಟು ನಂಜನಗೂಡಿನ ಮೇಲೆ ಸುತ್ತಿಕೊಂಡು ಹೋದದ್ದಕ್ಕೆ ಅವರ ನೌಕರಿ ಕಾರಣ. ಅಪ್ಪ ಸರ್ಕಾರದ ಪರವಾಗಿ ಊರೂರು ತಿರುಗಿ ಕಲ್ಲಿನ ಶಾಸನಗಳ ಅಚ್ಚು ತೆಗೆಯುತ್ತಿದ್ದರು. ನಂಜನಗೂಡಿನಿಂದ ನರಸೀಪುರಕ್ಕೆ ಹೋಗುವ ದಾರಿಯ ಪಕ್ಕದ ಹಳ್ಳಿಯೊಂದರಲ್ಲಿ ಒಂದು ಕಲ್ಲು ಬಾಕಿ ಉಳಿದಿತ್ತು. ಆ ಹಳ್ಳಿಯ ಹೆಸರನ್ನು ನಾನು ಬರೆಯುವುದಿಲ್ಲ. ಆ ಮನೆಯವರು ಇನ್ನೂ ಅಲ್ಲಿರಬಹುದು.

ಅಪ್ಪನದು ಮಾತು ಬಹಳ ಕಡಿಮೆ. ಅಮ್ಮ ಹೋದ ಮೇಲೆ ರಜೆಯ ದಿನಗಳಲ್ಲಿ ನನ್ನನ್ನೂ ಕಲ್ಲುಗಳ ಹತ್ತಿರಕ್ಕೆ ಕರೆದುಕೊಂಡು ಹೋಗುತ್ತಿದ್ದರು. ಕಲ್ಲನ್ನು ತೊಳೆದು, ನೆನೆಸಿದ ಕಾಗದ ಹೊದಿಸಿ, ಗಟ್ಟಿ ಬ್ರಷ್ಷಿನಿಂದ ತಪ್ ತಪ್ ಎಂದು ಬಡಿಯುತ್ತಿದ್ದರು. ಕಾಗದ ಅಕ್ಷರದ ಗುಳಿಗಳೊಳಗೆ ಕೂತ ಮೇಲೆ ಬಟ್ಟೆಯ ಗಂಟಿನಿಂದ ಮಸಿ ಒತ್ತಿದರೆ ಕರಿಯ ಹಾಳೆಯ ಮೇಲೆ ಬಿಳಿಯ ಅಕ್ಷರಗಳು ಏಳುತ್ತಿದ್ದವು. ಕೆಳಗಿನ ಮೂಲೆ ಹಿಡಿದುಕೊಳ್ಳುವುದು ನನ್ನ ಕೆಲಸ. ಕಾಗದ ಒಣಗುವ ತನಕ ಇಬ್ಬರೂ ಕಲ್ಲಿನ ನೆರಳಿನಲ್ಲಿ ಕೂತಿರುತ್ತಿದ್ದೆವು, ಒಂದೊಂದು ಸಲ ಅರ್ಧ ದಿನ. ಅಷ್ಟು ಹೊತ್ತೂ ಅಪ್ಪ ಒಂದು ಮಾತೂ ಆಡುತ್ತಿರಲಿಲ್ಲ. ನನಗೂ ಬೇಕೆನಿಸುತ್ತಿರಲಿಲ್ಲ. ಬೇರೆ ಮಕ್ಕಳಿಗೆ ಅವರ ತಂದೆಯರು ಕಥೆ ಹೇಳುತ್ತಿದ್ದರಂತೆ. ನಮ್ಮಪ್ಪನ ಪಕ್ಕದಲ್ಲಿ ಸುಮ್ಮನೆ ಕೂತಿರುವುದು ನನಗೆ ಕಥೆಗಿಂತ ಹೆಚ್ಚಾಗಿತ್ತು.

ಪುಷ್ಯಮಾಸದ ಚಳಿ. ಮಧ್ಯಾಹ್ನದ ರೈಲಿನಲ್ಲಿ ಮೂರನೆಯ ತರಗತಿಯಲ್ಲಿ ಕೂತು ನಂಜನಗೂಡು ಸೇರಿದೆವು. ಸ್ಟೇಷನ್ನಿನಲ್ಲಿ ಇಳಿದವರನ್ನೆಲ್ಲ ಸಾಲಾಗಿ ನಿಲ್ಲಿಸಿ ಡಾಕ್ಟರು ನಾಡಿ ನೋಡಿದರು. ಹೆಂಗಸರನ್ನೂ ಮಕ್ಕಳನ್ನೂ ಒಬ್ಬ ದಾಯಿ ಪರದೆಯ ಹಿಂದೆ ಕರೆದುಕೊಂಡು ಹೋಗಿ ಕಂಕುಳಲ್ಲಿ ಪ್ಲೇಗಿನ ಗೆಡ್ಡೆ ಎದ್ದಿದೆಯೇ ಎಂದು ಮುಟ್ಟಿ ನೋಡುತ್ತಿದ್ದಳು. ಅವಳ ಕೈ ಮಂಜಿನಂತೆ ತಣ್ಣಗಿತ್ತು. ಜ್ವರವಿಲ್ಲದವರಿಗೆ ಒಂದು ಪಾಸು ಕೊಟ್ಟರು. ಹೋದ ಊರಿನಲ್ಲಿ ಹತ್ತು ದಿನ, ದಿನಾ ಬೆಳಿಗ್ಗೆ, ಅದನ್ನು ಹಿಡಿದುಕೊಂಡು ಹೋಗಿ ಮೈ ತೋರಿಸಿಕೊಂಡು ಬರಬೇಕು. ನಮ್ಮ ಮುಂದೆ ನಿಂತಿದ್ದ ಒಬ್ಬ ಹೆಂಗಸಿಗೆ ಜ್ವರವಿತ್ತು. ಅವಳನ್ನು ಮುಚ್ಚಿದ ಗಾಡಿಯಲ್ಲಿ ಕೂರಿಸಿ ಊರಾಚೆಯ ಪ್ಲೇಗಿನ ಷೆಡ್ಡಿಗೆ ಕರೆದುಕೊಂಡು ಹೋದರು. ಅವಳು ಅಳಲೂ ಇಲ್ಲ. ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು ಹತ್ತಿದಳು.

ಛತ್ರದಲ್ಲಿ ತಂಗಿ ಬೆಳಿಗ್ಗೆ ಕಪಿಲೆಯಲ್ಲಿ ಮುಖ ತೊಳೆದು ಹೊರಟೆವು. ಅಪ್ಪ ನನಗೆಂದು ಒಂದು ಚಿಪ್ಪು ರಸಬಾಳೆ ಕೊಂಡಿದ್ದರು. ನಿಂಗಯ್ಯನೆಂಬ ಗಾಡಿಯವನು ಒಂದೂವರೆ ರೂಪಾಯಿಗೆ ಒಪ್ಪಿದ. ನರಸೀಪುರಕ್ಕೆ ಹದಿನೇಳು ಹದಿನೆಂಟು ಮೈಲಿ, ನಡುವೆ ಕಲ್ಲಿನ ಕೆಲಸಕ್ಕೆ ಎರಡು ಮೂರು ಗಂಟೆ ನಿಲ್ಲಬೇಕು, ಸಂಜೆಗೆ ಮುಟ್ಟಿಸಬೇಕು ಎಂದು ಕರಾರು. ಗಾಡಿಯಲ್ಲಿ ಹುಲ್ಲಿನ ಮೇಲೆ ನಮ್ಮ ಜಮಖಾನ ಹಾಸಿತ್ತು. ದಾರಿಯ ಎರಡು ಕಡೆಯೂ ಅವರೆಯ ಹೊಲ, ಕೊಯ್ದ ಗದ್ದೆ. ಅವರೆಯ ಸೊಗಡು ಮಂಜಿನ ಜೊತೆ ಸೇರಿ ಮೂಗಿಗೆ ಬಡಿಯುತ್ತಿತ್ತು.

ಹೊತ್ತೇರಿದ ಮೇಲೆ ನನಗೆ ಒಂದು ವಿಚಿತ್ರ ಕಾಣತೊಡಗಿತು. ಊರುಗಳಿದ್ದ ಕಡೆ ಹೊಗೆಯಿರಲಿಲ್ಲ, ಹೊಲಗಳ ನಡುವೆ ಹೊಗೆ ಏಳುತ್ತಿತ್ತು. ಜನವೆಲ್ಲ ಊರು ಬಿಟ್ಟು ಹೊಲದಲ್ಲಿ ಸೋಗೆಯ ಗುಡಿಸಲು ಹಾಕಿಕೊಂಡಿದ್ದರು. ಹೆಮ್ಮರಗಾಲದ ಕಡೆಯ ದಾರಿ ಒಡೆಯುವಲ್ಲಿ ನಿಂಗಯ್ಯ ಒಂದು ಸಲ ಹಿಂದಿರುಗಿ ನೋಡಿ, "ಬುದ್ಧಿ, ನೀವೇಳೋ ಊರ್ಲಿ ಇಲಿ ಬಿದ್ದು ಇಪ್ಪತ್ ದಿನ ಆಯ್ತು. ಒಳೀಕೆ ಎತ್ತು ಓಡ್ಸಾಕಿಲ್ಲ ನಾನು," ಎಂದ.

"ಕಲ್ಲು ಊರಿನ ಬಾಗಿಲಲ್ಲೇ, ಗುಡಿ ಮುಂದೆ ಇದೆ. ನೀನು ಹೊರಗೇ ಇರು," ಎಂದರು ಅಪ್ಪ.

ಊರಿಗೆ ಅರ್ಧ ಮೈಲಿ ಇರುವಾಗಲೇ ಗುಡಿಸಲುಗಳು ಸಿಕ್ಕವು. ಇಪ್ಪತ್ತು ಮೂವತ್ತು ಇದ್ದಾವು. ಒಂದು ಮಾತ್ರ ಉಳಿದವುಗಳಿಂದ ದೂರವಾಗಿ, ದಾರಿಗೆ ಹತ್ತಿರವಾಗಿ ಇತ್ತು. ಅದರ ಮುಂದೆ ಒಬ್ಬಳು ಮುದುಕಿ ರಾಗಿ ಕೇರುತ್ತಿದ್ದಳು. ನನ್ನನ್ನು ಅಲ್ಲಿ ಕೂರಿಸಿ ಹೋಗಬಹುದೇ ಎಂದು ಅಪ್ಪ ಕೇಳಿದರು.

"ಎಲ್ಲಿಂದ ಬಂದ್ರಿ?"

"ಮೈಸೂರಿಂದ."

ಮುದುಕಿ ಮೊರ ಕೆಳಗಿಟ್ಟು ಎದ್ದು ಹಿಂದಕ್ಕೆ ಸರಿದಳು. "ಅಂಗಾದ್ರೆ ದೂರ ನಿಂತ್ಕಳಿ. ಕೂಸ್ನ ಇಲ್ಲಿ ಬುಡ್ಬ್ಯಾಡಿ. ಊರೊಳಗೂ ಓಗ್ಬ್ಯಾಡಿ. ಅಲ್ಲೇನೂ ಇಲ್ಲ. ಯಾರೂ ಇಲ್ಲ."

'ಯಾರೂ ಇಲ್ಲ' ಎಂದು ಮತ್ತೊಂದು ಸಲ ಹೇಳಿದಳು. ಅಷ್ಟರಲ್ಲಿ ನಾನು ಗುಡಿಸಲಿನ ಹಿಂದೆ ಒಂದು ಹುಡುಗಿಯನ್ನು ಕಂಡೆ. ನನ್ನ ವಯಸ್ಸಿನವಳೇ. ನೆಲದ ಮೇಲೆ ಕೂತು ಊರಿನ ಕಡೆಗೇ ಮುಖ ಮಾಡಿದ್ದಳು. ಅವಳ ಕಾಲಿಗೆ ಒಂದು ಹಗ್ಗ, ಹಗ್ಗದ ಇನ್ನೊಂದು ತುದಿ ಕರು ಕಟ್ಟುವ ಗೂಟಕ್ಕೆ. ಅಪ್ಪ ಅದನ್ನು ನೋಡಲಿಲ್ಲ. ನಾನು ಹೇಳಲೂ ಇಲ್ಲ. ತಂಟೆ ಮಾಡಿರಬೇಕು, ಕಟ್ಟಿಹಾಕಿದ್ದಾರೆ ಎಂದುಕೊಂಡೆ.

ನಿಂಗಯ್ಯ ಎತ್ತುಗಳಿಗೆ ನೀರು ಕುಡಿಸಲು ಕಾಲುವೆಯ ಕಡೆ ಹೋದ. ನಾವಿಬ್ಬರೂ ನಡೆದು ಊರಿಗೆ ಬಂದೆವು.

ನಡು ಹಗಲು. ಬಿಸಿಲು ಚೆನ್ನಾಗಿ ಬಿದ್ದಿತ್ತು. ಬಿಸಿಲು ಒಳಗೆ ಬಿದ್ದು ಕಾಯಿಲೆ ಸಾಯಲಿ ಎಂದು ಮನೆಗಳ ಹೆಂಚುಗಳನ್ನೆಲ್ಲ ತೆಗೆಸಿದ್ದರು. ಗೋಡೆಗಳ ಮೇಲೆ ಬರಿಯ ತೊಲೆ, ಜಂತೆ. ತೆರೆದ ಬಾಗಿಲುಗಳಿಂದ ನೋಡಿದರೆ ಎಂದೂ ಬಿಸಿಲು ಕಾಣದ ಒಲೆಯ ಮೂಲೆಗಳಲ್ಲಿ, ದೇವರ ಗೂಡುಗಳಲ್ಲಿ ಬಿಸಿಲು ಕೂತಿತ್ತು. ಗೋಡೆಯ ಬುಡಕ್ಕೆಲ್ಲ ಸುಣ್ಣ ಸುರಿದಿದ್ದರು. ಕೆಲವು ಬಾಗಿಲುಗಳ ಮೇಲೆ ಟಾರಿನಿಂದ ಬಳಿದ ಗುರುತು. ನಾಯಿ ಕೂಡ ಇರಲಿಲ್ಲ. ಬೀಸುವ ಕಲ್ಲಿನ ಸದ್ದು, ಬಾವಿಯ ಗಡಗಡೆಯ ಸದ್ದು, ಯಾವುದೂ ಇಲ್ಲದ ಊರನ್ನು ನಾನು ಅದೇ ಮೊದಲು ಕಂಡದ್ದು. ನಮ್ಮ ಕಾಲ ಸಪ್ಪಳ ನಮಗೇ ಜೋರಾಗಿ ಕೇಳುತ್ತಿತ್ತು. ಅಪ್ಪ ನನ್ನ ಕೈ ಹಿಡಿದುಕೊಂಡು, "ಯಾವ ಬಾಗಿಲನ್ನೂ ಮುಟ್ಟಬೇಡ," ಎಂದರು.

ಕಲ್ಲು ಈಶ್ವರನ ಗುಡಿಯ ಮುಂದೆ ಬಯಲಲ್ಲಿ ನಿಂತಿತ್ತು. ಎದುರಿಗೆ ಒಂದು ಮನೆ. ಹೊರಗಿನಿಂದ ಬೀಗ. ಹೆಂಚಿರಲಿಲ್ಲ. ಅಪ್ಪ ಚೊಂಬಿನಲ್ಲಿ ತಂದಿದ್ದ ನೀರಿನಿಂದ ಕಲ್ಲು ತೊಳೆದರು, ಕಾಗದ ನೆನೆಸಿ ಹೊದಿಸಿದರು. ನಾನು ಕೆಳಗಿನ ಮೂಲೆ ಹಿಡಿದುಕೊಂಡೆ. ಹಾಗೆ ಕೂತಾಗ ನನ್ನ ಕಣ್ಣು ಎದುರು ಮನೆಯ ತೊಲೆಯ ಮೇಲೆ ಬಿತ್ತು. ತೊಲೆಯ ಕೆಳಗಡೆ ಒಂದು ಬೆಳಕು ಅಲುಗುತ್ತಿತ್ತು. ಪಾತ್ರೆಯ ನೀರಿನ ಮೇಲೆ ಬಿಸಿಲು ಬಿದ್ದರೆ ಮೇಲೆ ಕುಣಿಯುತ್ತದಲ್ಲ, ಅಂಥ ಬೆಳಕು. ಅದು ನಿಂತಿತು. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಅಲುಗಿತು. ಗಾಳಿ ಇರಲಿಲ್ಲ.

ನಾನು ಅಪ್ಪನ ಮುಖ ನೋಡಿದೆ. ಅವರು ಕೆಲಸದಲ್ಲಿದ್ದರು. ತಪ್ ತಪ್ ತಪ್ ಎಂದು ಬ್ರಷ್ಷು ಬಡಿಯುತ್ತಿತ್ತು. ಕೊನೆಯ ಸಾಲು ಮುಗಿಸಿ ಕೈ ನಿಲ್ಲಿಸಿದರು.

ಆ ಮನೆಯೊಳಗಿಂದ ತಪ್ ತಪ್ ತಪ್ ಎಂದು ಕೇಳಿತು.

ಅಪ್ಪ ಕೇಳಿಸಿಕೊಂಡರೆಂದು ಅವರ ಬೆನ್ನಿನಿಂದಲೇ ಗೊತ್ತಾಯಿತು. ಹಾಗೇ ನಿಂತಿದ್ದವರು ಮತ್ತೆ ಮೂರು ಸಲ ಬಡಿದು ನಿಲ್ಲಿಸಿದರು. ಒಳಗಿಂದ ಮೂರು ಸಲ ಬಂತು. ಆಮೇಲೆ, ಇವರು ಬಡಿಯದೆಯೇ, ಎರಡು ಸಲ.

ಊರು ಬಿಟ್ಟ ಮನೆಗಳಲ್ಲಿ ಮಾರಿ ಕೂತಿರುತ್ತಾಳೆ, ಕರೆದವರಿಗೆ ಓಗೊಡುತ್ತಾಳೆ ಎಂದು ನಮ್ಮ ಬೀದಿಯ ಹೆಂಗಸರು ಹೇಳುತ್ತಿದ್ದುದು ನೆನಪಾಯಿತು. ಓಡಬೇಕೆನಿಸಿದರೂ ಕಾಗದದ ಮೂಲೆ ಬಿಡಲಿಲ್ಲ. ಅಪ್ಪ ಬ್ರಷ್ಷನ್ನು ಕಲ್ಲಿನ ಮೇಲಿಟ್ಟು, "ಇಲ್ಲೇ ಇರು ಮಗು. ನನ್ನ ಕಡೆ ಬರಬೇಡ," ಎಂದು ಹೇಳಿ ಆ ಮನೆಯ ಹತ್ತಿರ ಹೋದರು. ಬಾಗಿಲ ಪಕ್ಕದಲ್ಲಿ ಸರಳಿನ ಕಿಟಕಿಯಿತ್ತು. ಅದರ ಮುಂದೆ ಒಂದು ಮಾರು ದೂರದಲ್ಲಿ ನಿಂತರು.

"ಯಾರಪ್ಪಾ ಒಳಗೆ?"

ಆಮೇಲೆ ಗಂಡಸಿನ ದನಿ, ಗಾಳಿಯಂತೆ ಸಣ್ಣದು. ಊರಿನಲ್ಲಿ ಬೇರೆ ಸದ್ದೇ ಇಲ್ಲದ್ದರಿಂದ ಅಷ್ಟು ದೂರಕ್ಕೂ ಕೇಳಿತು.

"ಚಿಕ್ತಾಯಿ ಅಲ್ವಾ?"

"ಅಲ್ಲಪ್ಪ. ನಾನು ಸರ್ಕಾರದ ಕೆಲಸಕ್ಕೆ ಬಂದವನು."

"ಬುದ್ಧಿ, ಷೆಡ್ಡಿಗೆ ಏಳ್ಬ್ಯಾಡಿ. ಕಾಲ್ ಕಟ್ಕತೀನಿ. ಅಲ್ಲೀಗೋದೋರು ಯಾರೂ ತಿರುಗ್ ಬಂದಿಲ್ಲ. ಗೆಡ್ಡೆ ನಿನ್ನೆ ಒಡೀತು. ನಾನ್ ಬದುಕ್ತೀನಿ."

ಅವನ ಮಾತಿನಿಂದ ತಿಳಿದದ್ದು ಇಷ್ಟು. ಹೆಸರು ಮಾದೇವ. ಊರವರು ಹೊರಟ ದಿನ ಅವನಿಗೆ ಜ್ವರವಿರಲಿಲ್ಲ. ಗುಡಿಸಲಿಗೆ ಹೋದ ಹತ್ತು ದಿನದ ಮೇಲೆ ಬಂತು. ಅವನ ತಾಯಿಯೇ ಅವನನ್ನು ಬೆಳಕು ಹರಿಯುವ ಮೊದಲು ಊರೊಳಗಿನ ಮನೆಗೆ ಕರೆತಂದು ಮಲಗಿಸಿ ಬೀಗ ಹಾಕಿದಳು. ಕೇಳಿದವರಿಗೆ ಮಗ ಬನ್ನೂರಿಗೆ ಕೂಲಿಗೆ ಹೋಗಿದ್ದಾನೆಂದು ಹೇಳಿದಳು. ಅವನ ಮಗಳು ಚಿಕ್ಕತಾಯಿ ದಿನಾ ಬಂದು ಕಿಟಕಿಯಿಂದ ನೀರು, ಅಂಬಲಿ ಇಳಿಸುತ್ತಿದ್ದಳು. ಕೂಗಿದರೆ ಯಾರಾದರೂ ಕೇಳಿಯಾರೆಂದು ಅವಳು ಬಾಗಿಲು ತಟ್ಟುವಳು, ಇವನು ನೆಲ ತಟ್ಟಿ ಬದುಕಿದ್ದೇನೆಂದು ತಿಳಿಸುವನು.

"ಎರಡ್ ದಿನದಿಂದ ಬರ್ನಿಲ್ಲ ಬುದ್ಧಿ. ಮಡ್ಕೇಲಿ ನೀರ್ ತಳ ಕಂಡದೆ," ಎಂದ. "ನನ್ ಅನ್ನ ಅತ್ಲಾಗಿರ್ಲಿ. ಅವ್ಳ್ಗೂ ಬಂತೇನೋ ಅಂತ. ಒಂದ್ಸಲ ನೋಡ್ಕಬಂದು ಏಳ್ತೀರಾ?"

ಅಪ್ಪ ಹಿಂದಿರುಗಿ ನನ್ನನ್ನು ನೋಡಿದರು. ಆಗ ನಾನು ಹೇಳಿದೆ. "ಅಪ್ಪ, ಅಲ್ಲಿ ಒಂದು ಹುಡುಗಿಯನ್ನು ಕಟ್ಟಿಹಾಕಿದ್ದಾರೆ, ಅವಳೇ ಇರಬೇಕು. ಆ ಅಜ್ಜಿ ಗುಡಿಸಲ ಹಿಂದೆ. ಚೆನ್ನಾಗಿಯೇ ಇದ್ದಾಳೆ."

ಒಳಗಿನವನಿಗೆ ನನ್ನ ಮಾತು ಕೇಳಿತೆಂದು ಕಾಣುತ್ತದೆ. ಅಳುತ್ತಿದ್ದನೋ ನಗುತ್ತಿದ್ದನೋ, ಒಂದು ಸದ್ದು ಬಂತು.

ಅಪ್ಪ ನಮ್ಮ ಚೊಂಬಿನಲ್ಲಿ ಉಳಿದ ನೀರನ್ನು ಹಗ್ಗದಲ್ಲಿ ಕಿಟಕಿಯಿಂದ ಒಳಗಿಳಿಸಿದರು. ರಸಬಾಳೆಯ ಚಿಪ್ಪನ್ನೂ ಒಂದೊಂದೇ ಹಣ್ಣಾಗಿ ಹಾಕಿದರು. ಚೊಂಬು ವಾಪಸು ತೆಗೆದುಕೊಳ್ಳಲಿಲ್ಲ. ಗೋಡೆಬುಡದ ಸುಣ್ಣವನ್ನು ಕೈಗೆ ತಿಕ್ಕಿಕೊಂಡು, ಕಲ್ಲಿನ ಹತ್ತಿರ ಬಂದು ಅವಸರದಲ್ಲಿ ಮಸಿ ಒತ್ತಿದರು. ಕಾಗದ ಇನ್ನೂ ಅರ್ಧ ಮಾತ್ರ ಒಣಗಿತ್ತು. ಅಂಥ ಹಾಳೆಯನ್ನು ಅವರು ಎಂದೂ ಕಿತ್ತವರಲ್ಲ. ಅಂದು ಕಿತ್ತರು. ಕೊನೆಯ ಎರಡು ಸಾಲು ಹರಿದುಹೋಯಿತು.

ಗುಡಿಸಲಿನ ಹತ್ತಿರ ಬಂದಾಗ ಮುದುಕಿ ನಮ್ಮ ಮುಖ ನೋಡಿಯೇ ತಿಳಿದುಕೊಂಡಳು. ಕೈಯಲ್ಲಿದ್ದ ಮೊರ ಇಳಿಯಿತು.

"ಬದುಕವ್ನಾ?" ಎಂದಳು.

"ಇದ್ದಾನೆ. ಗೆಡ್ಡೆ ಒಡೆದಿದೆ. ನೀರಿಲ್ಲದೆ ಸಾಯ್ತಾನೆ, ಕಾಯಿಲೆಯಿಂದಲ್ಲ."

"ಸತ್ತವ್ನೆ ಅನ್ಕಂಡಿದ್ದೆ. ಈ ಕೂಸು ಮೊನ್ನೆ ಮೈ ಬಿಸಿ ಮಾಡ್ಕಬಂದ್ಲು ಬುದ್ಧಿ. ನಂಗೆ ಜೀವ ಆರೋಯ್ತು. ಒಂದ್ ಓಗದು ಓಯ್ತು, ಇದೊಂದಾರ ಉಳೀಲಿ ಅಂತ ಕಟ್ಟಾಕ್ದೆ. ತಪ್ಪಾ?"

ಹುಡುಗಿ ಹಗ್ಗ ಎಳೆದುಕೊಂಡು ಎದ್ದು ನಿಂತಿದ್ದಳು. ನಾನು ದೂರದಿಂದಲೇ, "ನಿಮ್ಮಪ್ಪ ನಿನ್ನನ್ನು ಕೇಳಿದರು," ಎಂದೆ. ಅವಳು ನನ್ನನ್ನು ದಿಟ್ಟಿಸಿ ನೋಡಿ, "ತಟ್ಟುದ್ನಾ?" ಎಂದು ಕೇಳಿದಳು. ತಟ್ಟಿದರು ಎಂದೆ. ತಕ್ಷಣ ಕೂತು ಹಗ್ಗದ ಗಂಟನ್ನು ಹಲ್ಲಿನಿಂದ ಕಚ್ಚತೊಡಗಿದಳು.

ಮುದುಕಿ ಅವಳ ಕೈ ಹಿಡಿದಳು. "ನೀ ಬ್ಯಾಡ. ನಾನೋಯ್ತೀನಿ," ಎಂದಳು. ಸೊಂಟದ ಬೀಗದ ಕೈ ಮುಟ್ಟಿ ನೋಡಿಕೊಂಡಳು, ಒಲೆಯ ಮೇಲಿದ್ದ ಅಂಬಲಿಯ ಮಡಕೆ ಎತ್ತಿಕೊಂಡಳು. ಮೊಮ್ಮಗಳ ಹಗ್ಗ ಬಿಚ್ಚಲಿಲ್ಲ. ಅಪ್ಪನ ಕಡೆ ತಿರುಗಿ, "ಷೆಡ್ಡಿಗೆ ಏಳ್ತೀರಾ?" ಎಂದು ಕೇಳಿದಳು.

"ಇಲ್ಲ," ಎಂದರು. "ಆದರೆ ಒಳಗೆ ಹೋದ ಮೇಲೆ ಹತ್ತು ದಿನ ನೀನೂ ಹೊರಗೆ ಬರಬಾರದು. ಮಗುವಿಗೆ ಅನ್ನ ಕೊಡೋದಕ್ಕೆ ಪಕ್ಕದವರಿಗೆ ಹೇಳು."

"ಏಳ್ತೀನಿ," ಎಂದು ಅವಳು ದೂರದ ಗುಡಿಸಲುಗಳ ಕಡೆಗೆ ಒಂದು ಕೂಗು ಹಾಕಿದಳು. ಅಲ್ಲಿಂದ ಒಬ್ಬ ಹೆಂಗಸು ಎದ್ದು ಬರುವುದು ಕಂಡಿತು. ಮುದುಕಿ ಕಾಯಲಿಲ್ಲ. ಬರಿಗಾಲಲ್ಲಿ ಊರಿನ ಕಡೆ ನಡೆದಳು. ಗಾಡಿ ಹೊರಟ ಮೇಲೂ ನನಗೆ ಅವಳ ಬೆನ್ನು ಕಾಣುತ್ತಿತ್ತು. ಆಮೇಲೆ ಹೆಂಚಿಲ್ಲದ ಗೋಡೆಗಳ ನಡುವೆ ಮರೆಯಾಯಿತು.

ಹೊತ್ತು ಮುಳುಗುವ ಮುನ್ನ ನರಸೀಪುರ ಕಂಡಿತು. ಅತ್ತೆಯ ಮನೆಯ ಬೀದಿಗೆ ತಿರುಗುವಲ್ಲಿ ಅಪ್ಪ ಗಾಡಿ ನಿಲ್ಲಿಸಲಿಲ್ಲ. "ಹೊಳೆಯ ಕಡೆ ನಡಿ," ಎಂದರು. ಊರಾಚೆ ಕಪಿಲೆಯ ದಡದಲ್ಲಿ ಒಂದು ಪಾಳು ಮಂಟಪವಿತ್ತು. ಅಲ್ಲಿ ನಮ್ಮನ್ನಿಳಿಸಿ ನಿಂಗಯ್ಯ ಹೊರಟುಹೋದ. ಯಾಕೆ ಅಲ್ಲಿರಬೇಕೆಂದು ಅಪ್ಪ ಹೇಳಲಿಲ್ಲ. ನಾನು ಕೇಳಲೂ ಇಲ್ಲ. ಅತ್ತೆಯ ಮನೆಯಲ್ಲಿ ಮೂರು ಜನ ಸಣ್ಣ ಮಕ್ಕಳಿದ್ದುದು ನನಗೂ ಗೊತ್ತಿತ್ತು.

ಮರುದಿನದಿಂದ ಪ್ರತಿ ಬೆಳಿಗ್ಗೆ ಪಾಸು ಹಿಡಿದು ಊರೊಳಗೆ ಹೋಗಿ ಮೈ ತೋರಿಸಿಕೊಂಡು ಬರುತ್ತಿದ್ದೆವು. ನಂಜನಗೂಡು ಬಿಟ್ಟ ಮೇಲೆ ದಾರಿಯಲ್ಲಿ ಎಲ್ಲಿ ತಂಗಿದ್ದಿರೆಂದು ಅಲ್ಲಿನವರು ಮೊದಲ ದಿನ ಕೇಳಿದರು. ಎಲ್ಲೂ ತಂಗಲಿಲ್ಲವೆಂದು ಅಪ್ಪ ಹೇಳಿದರು. ಅದು ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಅತ್ತೆಗೆ ಹೊಳೆದಂಡೆಯಲ್ಲಿ ಕಲ್ಲಿನ ಕೆಲಸವಿದೆಯೆಂದು ಹೇಳಿ ಕಳಿಸಿದರು. ಅತ್ತೆ ದಿನಾ ಮಧ್ಯಾಹ್ನ ಮುದ್ದೆ, ಅವರೆಕಾಳಿನ ಸಾರು ಕಳಿಸುತ್ತಿದ್ದರು. ತಂದವರು ಮರದ ಬುಡದಲ್ಲಿಟ್ಟು ಹೋಗಬೇಕೆಂದು ಅಪ್ಪನ ಕಟ್ಟಪ್ಪಣೆ.

ಮಂಟಪದಲ್ಲಿ ಅಪ್ಪ ಒಂದು ಕಂಬದ ಬುಡದಲ್ಲಿ, ನಾನು ಎದುರು ಕಂಬದ ಬುಡದಲ್ಲಿ. ನಡುವೆ ನಾಲ್ಕು ಮಾರು. ಅವರು ಹಾಳೆಯ ಅಕ್ಷರಗಳನ್ನು ನೋಟುಪುಸ್ತಕಕ್ಕೆ ಬರೆದುಕೊಳ್ಳುತ್ತಿದ್ದರು. ನಾನು ನೀರು ನೋಡುತ್ತಿದ್ದೆ. ಚಳಿಗಾಲದ ಹೊಳೆ, ತಳದ ಮರಳು ಕಾಣುವಷ್ಟು ತಿಳಿ. ಆಚೆ ದಡದಲ್ಲಿ ತಿರುಮಕೂಡಲಿನ ಗುಡಿ, ಅದರಾಚೆ ಕಾವೇರಿ. ಎಷ್ಟೋ ಹೊತ್ತಾದ ಮೇಲೆ ತಲೆಯೆತ್ತಿದರೆ ಅಪ್ಪ ನನ್ನನ್ನೇ ನೋಡುತ್ತಿರುತ್ತಿದ್ದರು. ನಾನು ಕೆಮ್ಮಿದರೆ ಅವರ ಲೇಖನಿ ನಿಲ್ಲುತ್ತಿತ್ತು. ಅವರು ಹಣೆ ಮುಟ್ಟಿಕೊಂಡರೆ ನನ್ನ ಎದೆ ನಿಲ್ಲುತ್ತಿತ್ತು. ಮೊದಲಿನ ಮೌನವಲ್ಲ ಅದು. ಇಬ್ಬರೂ ನಮ್ಮ ನಮ್ಮ ಮೈಯೊಳಗೆ ಯಾರಾದರೂ ತಟ್ಟುತ್ತಾರೇನೋ ಎಂದು ಕಿವಿಗೊಟ್ಟು ಕೂತಂತಿತ್ತು.

ಆರನೆಯ ದಿನ ನಿಂಗಯ್ಯ ಭತ್ತ ಹೇರಿಕೊಂಡು ನರಸೀಪುರಕ್ಕೆ ಬಂದವನು ಹೊಳೆಯ ಕಡೆ ಬಂದು ಮೇಲಿನ ದಾರಿಯಿಂದಲೇ ಕೂಗಿದ.

"ಬುದ್ಧಿ, ಅವ್ನು ಎದ್ದ ಕಣಿ. ನಿನ್ನೆ ಗುಡಿ ಮುಂದೆ ಕೂತಿದ್ದ."

"ತಾಯಿ?"

ನಿಂಗಯ್ಯ ತಲೆವಸ್ತ್ರ ಬಿಚ್ಚಿ ಮತ್ತೆ ಸುತ್ತಿಕೊಂಡ. "ಅವ್ಳೋದ್ಲು. ಮೂರೇ ದಿನ. ಮಗ್ನೇ ಮಣ್ಮಾಡ್ದ. ಯಾರೂ ಅತ್ರ ಓಗ್ನಿಲ್ಲ."

ಅಪ್ಪ ಪುಸ್ತಕ ಮುಚ್ಚಿದರು. ಆ ದಿನ ಮತ್ತೆ ತೆಗೆಯಲಿಲ್ಲ. ಆ ಹುಡುಗಿ ಏನಾದಳೆಂದು ನಾನು ಕೂಗಿ ಕೇಳಿದೆ. "ಗಟ್ಟಿಯಾಗವ್ಳೆ ಕಣವ್ವ. ಈಗ ಅಪ್ಪುನ್ ಅತ್ರವೇ ಅವ್ಳೆ," ಎಂದು ನಿಂಗಯ್ಯ ಹೇಳಿ ಎತ್ತು ಹೊಡೆದುಕೊಂಡು ಹೋದ.

ಎಂಟನೆಯ ದಿನ ಮಧ್ಯಾಹ್ನ ನನಗೆ ಚಳಿ ಹತ್ತಿತು. ಬಿಸಿಲಿನಲ್ಲಿ ಕೂತರೂ ಹಲ್ಲು ಕಟಕಟಿಸಿತು. ಹೇಳಬಾರದೆಂದು ನಾನು ಮೊಣಕಾಲು ಅಪ್ಪಿಕೊಂಡು ಹೊಳೆಯ ಕಡೆ ಮುಖ ತಿರುಗಿಸಿದೆ. ಅಪ್ಪನಿಗೆ ಗೊತ್ತಾಗಿಬಿಟ್ಟಿತು. ನಾಲ್ಕು ಮಾರು ದಾಟಿ ಬಂದು ಹಣೆ ಮುಟ್ಟಿದರು, ಕಂಕುಳು ಮುಟ್ಟಿದರು. ಜಮಖಾನ ಹಾಸಿ ಮಲಗಿಸಿದರು. ತಮ್ಮ ಕೋಟು ಬಿಚ್ಚಿ ಹೊದಿಸಿದರು. ಮರುದಿನ ಬೆಳಿಗ್ಗೆ ಮೈ ಬಿಸಿಯಿದ್ದರೆ ನನ್ನನ್ನು ಷೆಡ್ಡಿಗೆ ಕರೆದುಕೊಂಡು ಹೋಗುತ್ತಾರೆಂದು ನನಗೆ ತಿಳಿದಿತ್ತು. ಅವರಿಗೂ ತಿಳಿದಿತ್ತು.

ಆಮೇಲೆ ಅಪ್ಪ ಪಕ್ಕದಲ್ಲಿ ಕೂತು ಮಾತಾಡಲು ಶುರುಮಾಡಿದರು.

ಮದುವೆಗೆ ಮೊದಲು ಅಮ್ಮನನ್ನು ನೋಡಲು ಬನ್ನೂರಿಗೆ ಹೋದಾಗ ಅವಳು ಬಾಗಿಲ ಸಂದಿಯಿಂದ ನಕ್ಕದ್ದು ಹೇಳಿದರು. ನಾನು ಹುಟ್ಟಿದ ದಿನ ಸೋಮನಾಥಪುರದಲ್ಲಿ ಕಲ್ಲಿನ ಮುಂದೆ ಕೂತಿದ್ದಾಗ ಸುದ್ದಿ ಬಂದದ್ದು, ಮಸಿಗೈಯಲ್ಲೇ ಓಡಿಬಂದು ನನ್ನ ಬಟ್ಟೆಯ ಮೇಲೆ ಐದು ಬೆರಳ ಗುರುತು ಮಾಡಿದ್ದು, ಅಮ್ಮ ಆ ಬಟ್ಟೆ ಒಗೆಯಲು ಬಿಡದಿದ್ದದ್ದು. ನಿಲ್ಲಿಸುತ್ತಲೇ ಇರಲಿಲ್ಲ. ಒಂದು ಮುಗಿಯುವ ಮೊದಲೇ ಇನ್ನೊಂದು. ನನ್ನ ಹತ್ತು ವರ್ಷದಲ್ಲಿ ಕೇಳದಷ್ಟು ಮಾತು ಆ ಒಂದು ಮಧ್ಯಾಹ್ನ ಕೇಳಿದೆ.

ನನಗೆ ಅಂಥ ಭಯ ಅಲ್ಲಿಯ ತನಕ ಎಂದೂ ಆಗಿರಲಿಲ್ಲ, ಆಮೇಲೂ ಆಗಲಿಲ್ಲ. ಆ ಖಾಲಿ ಊರಿನಲ್ಲಿ ಬೀಗದ ಮನೆಯೊಳಗಿಂದ ಸದ್ದು ಬಂದಾಗಲೂ ಅಷ್ಟು ಹೆದರಿರಲಿಲ್ಲ. ಅಪ್ಪ ಮಾತಾಡುತ್ತಿದ್ದಾರೆಂದರೆ ನಾನು ಸಾಯುತ್ತಿದ್ದೇನೆಂದು ಅರ್ಥ, ಎಂದುಕೊಂಡೆ. ಉಳಿಸಿಟ್ಟದ್ದನ್ನೆಲ್ಲ ಈಗ ಕೊಟ್ಟು ಮುಗಿಸುತ್ತಿದ್ದಾರೆ. ಸಾಕು ಅಪ್ಪ, ಸುಮ್ಮನಿರಿ ಎಂದು ಹೇಳಬೇಕೆನಿಸಿತು. ನಾಲಗೆ ಏಳಲಿಲ್ಲ. ಹೊಳೆಯ ಬೆಳಕು ಮಂಟಪದ ಚಪ್ಪಡಿಯ ಮೇಲೆ ಆಡುತ್ತಿತ್ತು. ಅವರ ದನಿ ಒಂದೊಂದು ಸಲ ಬಹಳ ದೂರದಿಂದ, ಆಚೆ ದಡದಿಂದ ಬಂದಂತೆ ಕೇಳುತ್ತಿತ್ತು. ಯಾವಾಗಲೋ ನಿದ್ದೆ ಬಂತು.

ಎಚ್ಚರವಾದಾಗ ಬೆಳಗಾಗಿತ್ತು. ಬಟ್ಟೆಯೆಲ್ಲ ಬೆವರಿನಿಂದ ಒದ್ದೆ, ಮೈ ತಣ್ಣಗೆ. ಅಪ್ಪ ನನ್ನ ಪಕ್ಕದಲ್ಲೇ ಕಂಬಕ್ಕೊರಗಿ ಕೂತಿದ್ದರು. ಕಣ್ಣು ಕೆಂಪಾಗಿತ್ತು. ಕೈ ಚಾಚಿ ನನ್ನ ಹಣೆ ಮುಟ್ಟಿದರು, ಕತ್ತು ಮುಟ್ಟಿದರು. ಏನೋ ಹೇಳುತ್ತಾರೆಂದು ನಾನು ಕಾದೆ. ಅವರು ಹೇಳಲಿಲ್ಲ. ಎದ್ದು ಹೊಳೆಗೆ ಇಳಿದು ಮುಖ ತೊಳೆದುಕೊಂಡು ಬಂದರು. ನೋಟುಪುಸ್ತಕ ತೆಗೆದು, ಲೇಖನಿಯ ಮೊನೆ ಒರೆಸಿ, ಬರೆಯತೊಡಗಿದರು.

ನಾನು ಬದುಕಿದೆನೆಂದು ನನಗೆ ಆಗ ಗೊತ್ತಾಯಿತು. ಹೊಳೆಗಾಳಿಯ ಚಳಿಜ್ವರವಿರಬೇಕು. ಅಂದು ಪಾಸಿನವರೂ ನಾಡಿ ನೋಡಿ ಸರಿಯಾಗಿದೆಯೆಂದು ಗುರುತು ಹಾಕಿದರು.

ಹತ್ತು ದಿನ ಮುಗಿಸಿ ಅತ್ತೆಯ ಮನೆಗೆ ಹೋದೆವು. ಅಂಗಳದಲ್ಲೇ ನಿಲ್ಲಿಸಿ ಅತ್ತೆ ಅಪ್ಪನನ್ನು ಬೈದರು. "ಅಲ್ಲ ಕಣೋ, ಊರಲ್ಲಿ ಅಕ್ಕ ಅಂತ ಒಬ್ಬಳಿದ್ದಾಳೆ. ತಾಯಿಲ್ಲದ ಮಗೂನ ಹೊಳೆದಂಡೇಲಿ ಮಲಗಿಸ್ತೀಯಲ್ಲ, ನಿನ್ನ ಕಲ್ಲು ಓಡಿಹೋಗ್ತಿತ್ತಾ?" ಅಪ್ಪ ತಲೆ ತಗ್ಗಿಸಿಕೊಂಡು ಕೇಳಿಸಿಕೊಂಡರು. ಆ ಹಳ್ಳಿಯ ವಿಷಯ ಅವರು ಅಕ್ಕನಿಗೆ ಹೇಳಲಿಲ್ಲ, ಕಡೆಯ ತನಕವೂ. ಮುದುಕಿಗೆ ಮಗನ ಸುದ್ದಿ ಹೇಳಿದ್ದು ಸರಿಯೋ ತಪ್ಪೋ ಎಂದು ಅವರು ತಮ್ಮೊಳಗೆ ಎಷ್ಟು ಸಲ ಕೇಳಿಕೊಂಡರೋ ನನಗೆ ಗೊತ್ತಿಲ್ಲ. ನನಗಂತೂ ಇಂದಿಗೂ ಉತ್ತರ ಸಿಕ್ಕಿಲ್ಲ.

ಮರುದಿನ ಅಪ್ಪ ಮೈಸೂರಿನ ನೇರ ದಾರಿ ಹಿಡಿಯಲು ಹರಿಗೋಲಿನಲ್ಲಿ ಹೊಳೆ ದಾಟಿದರು. ನಾನೂ ಅತ್ತೆಯೂ ಸೋಪಾನದ ಮೇಲೆ ನಿಂತಿದ್ದೆವು. ಹರಿಗೋಲು ತಿರುಗುತ್ತಾ ತಿರುಗುತ್ತಾ ಹೋಗುವಾಗ ಒಂದು ಸಲ ಅವರ ಮುಖ ಕಾಣುತ್ತಿತ್ತು, ಒಂದು ಸಲ ಬೆನ್ನು. ಆಚೆ ದಡಕ್ಕೆ ಇಳಿದು ಮೇಲೆ ಹತ್ತಿ ನಿಂತರು. ಅಷ್ಟು ದೂರಕ್ಕೆ ಮುಖ ಕಾಣಲಿಲ್ಲ. ಕೈ ಬೀಸಲಿಲ್ಲ, ಕೂಗಲಿಲ್ಲ. ಅತ್ತೆ, "ಒಂದು ಮಾತು ಹೇಳಿ ಹೋಗಬಾರದಾ, ಕಲ್ಲಿನಂಥವನು," ಎಂದು ಗೊಣಗಿದರು.

ಅವರು ಹಾಗೆ ಸುಮ್ಮನೆ ನಿಂತಿದ್ದುದು ಎಷ್ಟು ಹೊತ್ತೋ. ನಾನು ಅಳಲಿಲ್ಲ.